ನಾನೂರ ಹದಿಮೂರನೇ ವಸ್ತು

ಭದ್ರಾವತಿಯ ಗಣಪಯ್ಯನವರ ಮನೆಯಲ್ಲಿ ನಾನೂರ ಹನ್ನೆರಡು ವಸ್ತುಗಳಿದ್ದವು. ಕಾವಲುಗಾರ ಜಂಬಣ್ಣನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ಗೇಟಿನಲ್ಲಿ ನಿಲ್ಲುವ ಠೀವಿ ನೋಡಿದವರಿಗೆ ಇವನೇ ಒಂದನೇ ನಂಬರಿನ ವಸ್ತು ಅನ್ನಿಸುತ್ತಿತ್ತು.

ಗಣಪಯ್ಯನವರೆಂದರೆ ಸಾಮಾನ್ಯರಲ್ಲ. ಸಮುದ್ರ ದಾಟಿ ಓದಿ ಬಂದು, ದೊಡ್ಡ ದೊಡ್ಡ ಊರುಗಳಲ್ಲಿ ಹಂಚಿಲ್ಲದ, ತೊಲೆಯಿಲ್ಲದ, ಬರೀ ಸಿಮೆಂಟು ಗಾಜಿನ ಕಟ್ಟಡಗಳನ್ನು ಎಬ್ಬಿಸಿದ ಆರ್ಕಿಟೆಕ್ಟು. ಕೊನೆಗಾಲಕ್ಕೆಂದು ಭದ್ರಾ ಹೊಳೆಯ ದಂಡೆಯಲ್ಲಿ ತಮಗೊಂದು ಮನೆ, ಅದರೊಳಗೇ ನಕ್ಷೆ ಬರೆಯಲು ಒಂದು ಸ್ಟುಡಿಯೋ ಕಟ್ಟಿಕೊಂಡಿದ್ದರು. ಮನೆ ಎಂಟು ಕಂಬಗಳ ಮೇಲೆ ನಿಂತಿತ್ತು. ಬಾಗಿಲಿಗೆ ಹೊಸ್ತಿಲಿಲ್ಲ, ಉತ್ತರದ ಕಡೆ ಗೋಡೆಯೇ ಇಲ್ಲ, ಎಲ್ಲ ಗಾಜು. ಪತ್ರಿಕೆಯವರು ಹೊಸ ಯುಗದ ವಾಸ್ತುಶಿಲ್ಪ ಎಂದು ಬರೆದರು. ಓಲ್ಡ್ ಟೌನಿನವರು ಪೆಟ್ಟಿಗೆ ಮನೆ ಎಂದು ಕರೆದು, ಹಪ್ಪಳ ಒಣಗಿಸುವುದಕ್ಕೆ ಮಾತ್ರ ತಾರಸಿ ಚೆನ್ನಾಗಿದೆ ಎಂದು ಒಪ್ಪಿಕೊಂಡರು.

ಐವತ್ಮೂರನೇ ಇಸವಿಯಲ್ಲಿ ಗಣಪಯ್ಯನವರು ನಕ್ಷೆ ಬರೆಯುತ್ತಲೇ ತೀರಿಕೊಂಡರು. ಹೆಂಡತಿ ಮಕ್ಕಳು ಇರಲಿಲ್ಲ. ಶಿವಮೊಗ್ಗದಲ್ಲಿ ಒಂದು ಸ್ಮಾರಕ ಸಮಿತಿ ಹುಟ್ಟಿತು, ಅದಕ್ಕೆ ವೆಂಕಟಾಚಲ ಎಂಬ ನಿವೃತ್ತ ಅಧಿಕಾರಿ ಕಾರ್ಯದರ್ಶಿಯಾದರು. ಅವರ ಕಾನೂನು ಒಂದೇ. ಆ ದಿನ ಏನು ಎಲ್ಲಿತ್ತೋ ಅದು ಅಲ್ಲೇ ಇರಬೇಕು. ಕನ್ನಡಕ ನಲವತ್ತೊಂದನೇ ನಂಬರು, ಚಪ್ಪಲಿ ನಲವತ್ತೆರಡು, ಅರ್ಧ ಸೇದಿಟ್ಟ ಸಿಗರೇಟು ಇನ್ನೂರ ಏಳು. ಗೋಡೆಗೆ ಮೊಳೆ ಹೊಡೆಯಬಾರದು, ಗಟ್ಟಿಯಾಗಿ ಮಾತಾಡಬಾರದು, ನೆಂಟರಿಷ್ಟರನ್ನು ಇಳಿಸಿಕೊಳ್ಳಬಾರದು. ಸುಣ್ಣ ಬಳಿಯಲು ಬಂದ ಒಬ್ಬ ಮಹಾರಾಯ ಇನ್ನೂರ ಏಳನೇ ನಂಬರನ್ನು ಹಚ್ಚಿ ಸೇದಿ ಮುಗಿಸಿದಾಗ ಜಂಬಣ್ಣ ಹೊಸ ಸಿಗರೇಟು ಕೊಂಡು ತಂದು, ಕಣ್ಣಲ್ಲಿ ನೀರು ಸುರಿಸುತ್ತ ಸರಿಯಾಗಿ ಅರ್ಧಕ್ಕೆ ಸೇದಿ ಅದೇ ಜಾಗದಲ್ಲಿ ಇಟ್ಟಿದ್ದ. ಹುಟ್ಟಿದಾರಭ್ಯ ಹೊಗೆ ಕಾಣದ ಎದೆ, ಎರಡು ದಿನ ಕೆಮ್ಮಿತು. ಆ ಸಿಗರೇಟನ್ನು ನೋಡಿ ಆಮೇಲೆ ಎಷ್ಟೋ ಜನ ವಿದ್ಯಾವಂತರು ನಿಟ್ಟುಸಿರು ಬಿಟ್ಟರು.

ಇಂಥ ಜಂಬಣ್ಣ ತನ್ನ ಊರು ಮಲವಗೊಪ್ಪಕ್ಕೆ ಹೋದಾಗ ಮಾತ್ರ ಕಾವಲುಗಾರನಾಗಿರುತ್ತಿರಲಿಲ್ಲ. ಅಲ್ಲಿ ಅವನು ಹೇಳುತ್ತಿದ್ದದ್ದು, "ನಮ್ಮ ಬಂಗ್ಲೆ." ನಮ್ಮ ಬಂಗ್ಲೆಯ ಗಾಜು, ನಮ್ಮ ಬಂಗ್ಲೆಗೆ ಬರುವ ದೊರೆಗಳು. ಅವನ ತಾಯಿ ದಾಕ್ಷಾಯಣಮ್ಮ ಇದನ್ನು ಕೇಳಿ, ಎರಡರಷ್ಟು ಮಾಡಿ, ಇಡೀ ಊರಿಗೆ ಹಂಚುತ್ತಿದ್ದಳು. ಬಂಗ್ಲೆ ಬಂಗ್ಲೆ ಎಂದು ಹೇಳಿ ಹೇಳಿ ಕೊನೆಗೆ ಐವತ್ತೆಂಟರ ಮಾಘಮಾಸದಲ್ಲಿ ಒಂದು ಗಂಟು ಕಟ್ಟಿಕೊಂಡು ಭದ್ರಾವತಿಗೇ ಬಂದಿಳಿದಳು.

ಬಂದು ನೋಡಿದರೆ ಮಗ ಸೊಸೆ ಇದ್ದದ್ದು ಮನೆಯ ಹಿಂದಿನ ಆಳಿನ ಕೋಣೆಯಲ್ಲಿ. ಅದನ್ನೂ ಗಣಪಯ್ಯನವರೇ ಕಟ್ಟಿಸಿದ್ದರು, ಪೂರ್ತಿ ದುಂಡಗೆ, ಸಿಮೆಂಟಿನಲ್ಲಿ. ಮೂಲೆ ಎಂಬುದೇ ಇಲ್ಲ.

"ಇದೇನೋ ಜಂಬು, ಭತ್ತ ತುಂಬೋ ಕಣಜದೊಳಗೆ ಇದೀಯ?" ಎಂದಳು ಮುದುಕಿ. "ಬಂಗ್ಲೆ ಅಂದ್ಯಲ್ಲ?"

"ಅದು ಮುಂದೆ ಇದೆ ಕಣವ್ವ. ಜನ ಬರ್ತಿರ್ತಾರೆ."

"ಒಂದ್ ಗಳಿಗೆ ಒಳಗೆ ಹೋಗಿ ಕೂತ್ಕಂಡು ಬರಾಣ ಕಣೋ. ಊರಲ್ಲಿ ಕೇಳ್ತಾರೆ, ನಾನೇನ್ ಹೇಳ್ಲಿ?"

"ನಾಳೆ ಹೋಗಾಣ."

ಈ ನಾಳೆ ಹನ್ನೆರಡು ದಿನ ನಡೆಯಿತು. ಒಂದು ದಿನ ನೆಲ ಒರೆಸಿತ್ತು, ಒಂದು ದಿನ ಶಾಲೆಯ ಮಕ್ಕಳು ಬಂದಿದ್ದರು, ಮತ್ತೊಂದು ದಿನ ಜಂಬಣ್ಣನಿಗೆ ಸುಮ್ಮನೆ ಹೆದರಿಕೆಯಾಗಿತ್ತು. ಹದಿಮೂರನೇ ದಿನ ಬೆಳಿಗ್ಗೆ ಸೊಸೆ ಉಮಾಮಹೇಶ್ವರಿ ಕಾಫಿ ಹಿಡಿದು ಎಬ್ಬಿಸಿದರೆ ದಾಕ್ಷಾಯಣಮ್ಮ ಏಳಲಿಲ್ಲ. ಜ್ವರವಿಲ್ಲ, ನರಳಾಟವಿಲ್ಲ. ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟಿದ್ದಳು.

ಜಂಬಣ್ಣ ಬಾಯಿ ತೆರೆದ. ಕೂಗು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ನೆಂಟರನ್ನು ಇಳಿಸಿಕೊಳ್ಳಬಾರದೆಂಬ ಕಾನೂನು ನೆನಪಾಗಿ ಬಾಯಿ ಮುಚ್ಚಿಕೊಂಡ. ತಾಯಿ ಸತ್ತ ಮನೆಯಲ್ಲಿ ಮಗ ಪಿಸುಗುಟ್ಟಿದ, "ಉಮಾ, ಮೆತ್ತಗೆ ಅಳು."

ಅವನು ಅಂದುಕೊಂಡದ್ದು ಇಷ್ಟೇ. ಹೊತ್ತು ಮುಳುಗುವುದರೊಳಗೆ ಮಲವಗೊಪ್ಪಕ್ಕೆ ಒಯ್ದು, ಅಪ್ಪನ ಪಕ್ಕದಲ್ಲಿ ಅವ್ವನನ್ನು ಮಣ್ಣು ಮಾಡಬೇಕು. ಮೊದಲ ಹಿಡಿ ಮಣ್ಣು ತಾನು ಹಾಕಬೇಕು. ಅಲ್ಲಿ, ನಮ್ಮವರ ನಡುವೆ, ಹೊಟ್ಟೆ ತುಂಬ ಅಳಬೇಕು. ಅಲ್ಲಿಯವರೆಗೆ ಸಮಿತಿಗೆ ಸುದ್ದಿ ಮುಟ್ಟದಿದ್ದರೆ ಸಾಕು.

ಹೇಳಿಕಳಿಸಿದ್ದಕ್ಕೆ ಹತ್ತು ಗಂಟೆಗೆ ಊರಿನಿಂದ ಸೋದರಮಾವ ಕೊಟ್ರಬಸಪ್ಪ ಒಂದು ಲಾರಿ ಮಾಡಿಕೊಂಡು ಹದಿನೈದು ಜನರೊಂದಿಗೆ ಬಂದಿಳಿದ. ಜೊತೆಯಲ್ಲಿ ಹೂವಮ್ಮ. ಈ ಹೂವಮ್ಮ ಅಳಲು ನಿಂತರೆ ಸುತ್ತಲ ಮೂರು ಊರಿನಲ್ಲಿ ಎದುರಿಲ್ಲ. ಜನ ಬದುಕಿರುವಾಗಲೇ ಅವಳಿಗೆ ಹೇಳಿಟ್ಟಿರುತ್ತಿದ್ದರು.

ಲಿಂಗವಂತರ ಹೆಣ ಮಲಗುವುದಿಲ್ಲ. ಮೈ ತೊಳೆದು, ವಿಭೂತಿ ಧರಿಸಿ, ಗೋಡೆಗೆ ಒರಗಿಸಿ ಕೂರಿಸಬೇಕು. ತಲೆ ವಾಲದಂತೆ ಗದ್ದಕ್ಕೊಂದು ಬಟ್ಟೆ ಕೊಟ್ಟು, ಹಿಂದಿನ ಮೊಳೆಗೆ ಬಿಗಿಯಬೇಕು. ಕೂತಂತೆಯೇ ಹೊತ್ತು, ಕೂತಂತೆಯೇ ಮಣ್ಣಿಗಿಡಬೇಕು. ಮೈ ಸೆಟೆದುಕೊಳ್ಳುವುದರೊಳಗೆ ಇದು ಆಗಬೇಕು. ಆದರೆ ಆ ದುಂಡು ಕೋಣೆಯಲ್ಲಿ ಎಲ್ಲಿ ಒರಗಿಸಿದರೂ ದಾಕ್ಷಾಯಣಮ್ಮ ಪಕ್ಕಕ್ಕೆ ಜಾರುತ್ತಿದ್ದಳು. ಕೊಟ್ರಬಸಪ್ಪ ತಾನೇ ಸುತ್ತಿಗೆ ಹಿಡಿದ. ಸಿಮೆಂಟಿಗೆ ನಾಲ್ಕು ಮೊಳೆ ಬಾಗಿದವು, ಐದನೆಯದು ಸಿಡಿದು ಅವನ ಹಣೆಗೇ ಬಡಿಯಿತು.

"ಯಾವ ಪಾಪಿ ಕಟ್ಟಿದ್ನೋ ಇದನ್ನ!" ಎಂದು ಕೊಟ್ರಬಸಪ್ಪ ಹಣೆ ಉಜ್ಜಿಕೊಂಡ. "ಇಲ್ಲಿ ಮನುಷ್ಯ ಸಾಯೋ ಹಂಗೂ ಇಲ್ಲ. ಮುಂದಿನ ಬಂಗ್ಲೆ ನಿಂದೇ ಅಲ್ವೇನೋ? ಬೀಗ ತೆಗಿ."

ಹದಿನೈದು ಜನ ಜಂಬಣ್ಣನ ಸೊಂಟದ ಗೊಂಚಲನ್ನು ನೋಡಿದರು. ನಮ್ಮ ಬಂಗ್ಲೆ ಎಂದು ಐದು ವರ್ಷ ಕೊಚ್ಚಿಕೊಂಡ ನಾಲಿಗೆ, ಅದು ನನ್ನದಲ್ಲ ಎನ್ನಲು ಹೊರಳಲಿಲ್ಲ. ಅವನು ಬೀಗ ತೆಗೆದ.

ಸ್ಟುಡಿಯೋದಲ್ಲಿ ಗಾಜಿನ ಪಕ್ಕ ಗೋಡೆಗೇ ಸೇರಿಸಿ ಎರಕ ಹೊಯ್ದ ಒಂದು ಸಿಮೆಂಟು ಕಟ್ಟೆಯಿತ್ತು, ಅದರ ಮೇಲೆ ಗಣಪಯ್ಯನವರು ಅಳತೆಪಟ್ಟಿ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆ. ಹೇಳಿ ಮಾಡಿಸಿದಂತಿತ್ತು. ದಾಕ್ಷಾಯಣಮ್ಮ ಅಲ್ಲಿ ನೆಟ್ಟಗೆ ಕೂತಳು. ಬಿಳಿ ಸೀರೆಯ ಸೆರಗು ತಲೆ ಮೇಲೆ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕಣ್ಣು ಅರ್ಧ ಮುಚ್ಚಿತ್ತು. ಬದುಕಿದ್ದಾಗ ಅಂಥ ಗಾಂಭೀರ್ಯ ಅವಳಿಗೆ ಯಾವತ್ತೂ ಇರಲಿಲ್ಲ.

ಮಠದ ಅಯ್ಯನವರು ಮಂತ್ರ ಹೇಳಿದರು, ಮಾಲೆ ಬಂತು, ಹೊರಗೆ ಹೆಣ ಕೂರಿಸಿ ಹೊರುವ ಬಿದಿರಿನ ವಿಮಾನ ಕಟ್ಟಿ ಮುಗಿಯಿತು. ಎರಡು ಗಂಟೆಯಾಗಿತ್ತು. ಇನ್ನೇನು ಎತ್ತಬೇಕು, ಗೇಟಿನಲ್ಲಿ ಕಾರು ನಿಂತಿತು.

ವಿದೇಶದ ಪ್ರೊಫೆಸರ್ ಒಬ್ಬರು ಗಣಪಯ್ಯನವರ ಮನೆ ನೋಡಲು ಮರುದಿನ ಬರುತ್ತಾರೆಂದು ಕಾಗದ ಬಂದಿತ್ತು. ಆದರೆ ಅವರಿಗೆ ಮರುದಿನ ಜೋಗ ನೋಡಬೇಕೆಂಬ ಆಸೆ ಹುಟ್ಟಿ, ವೆಂಕಟಾಚಲ ಅವರು ಇವತ್ತೇ ಕರೆತಂದಿದ್ದರು. ದೊರೆಯನ್ನು ಹೊರಗಿನಿಂದ ಕಂಬ ನೋಡಲು ಬಿಟ್ಟು ಒಳಗೆ ಕಾಲಿಟ್ಟವರು ಸ್ಟುಡಿಯೋದ ಬಾಗಿಲಲ್ಲಿ ಕಂಬವೇ ಆದರು.

"ಯಾರಯ್ಯ ಅದು?"

"ನಮ್ಮವ್ವ, ಸಾರ್."

"ಏಳೋಕೆ ಹೇಳು."

"ಏಳಲ್ಲ ಸಾರ್. ಬೆಳಿಗ್ಗೆ ಹೋಗ್ಬಿಟ್ರು."

"ಅಯ್ಯೋ," ಎಂದರು ವೆಂಕಟಾಚಲ. ನಿಜವಾಗಿಯೇ ಮರುಗಿ ಎರಡು ಹೆಜ್ಜೆ ಮುಂದೆ ಬಂದು ಕೈ ಮುಗಿದರು. ಆಮೇಲೆ ಗಡಿಯಾರ ನೋಡಿಕೊಂಡರು. "ಜಂಬಣ್ಣ, ಇದು ಹೊರಗೆ ಬಿದ್ರೆ ನಿನ್ನ ಕೆಲಸ ಹೋಗುತ್ತೆ, ನನ್ನ ಮರ್ಯಾದೆ ಹೋಗುತ್ತೆ. ಅರ್ಧ ಗಂಟೆ. ಯಾರೂ ಅಳಕೂಡದು. ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನು."

ಹೊರಗೆ ಹೋಗಿ ಕೊಟ್ರಬಸಪ್ಪನ ಮುಂದೆ ಕೈ ಮುಗಿದು, ಸರ್ಕಾರದ ದೊರೆ ಬಂದಿದಾರೆ, ಒಂದರ್ಧ ಗಂಟೆ ಎಂದು ಬೇಡಿಕೊಂಡರು. ಸರ್ಕಾರ ಎಂದ ಕೂಡಲೇ ಹದಿನೈದು ಜನರೂ ಬಾಯಿಗೆ ಸೆರಗು, ಟವೆಲು ಒತ್ತಿಕೊಂಡು ಗೋಡೆಗೆ ಅಂಟಿದರು.

ಪ್ರೊಫೆಸರ್ ಒಳಗೆ ಬಂದರು. ಅವರು ನಲವತ್ತೊಂದನ್ನು ನೋಡಲಿಲ್ಲ, ನಲವತ್ತೆರಡನ್ನು ನೋಡಲಿಲ್ಲ. ನೇರ ಕಟ್ಟೆಯ ಮುಂದೆ ಹೋಗಿ ಟೋಪಿ ತೆಗೆದು ನಿಂತರು. ಯಾರು ಎಂಬಂತೆ ತಿರುಗಿದರು. ವೆಂಕಟಾಚಲ ಅವರ ಹಣೆಯಲ್ಲಿ ಬೆವರು ಒಡೆಯಿತು. ಹೆಣ ಎನ್ನುವಂತಿಲ್ಲ, ಕಾವಲುಗಾರನ ತಾಯಿ ಎಂದರೆ ಅವಳಿಲ್ಲಿ ಯಾಕೆ ಕೂತಿದ್ದಾಳೆ ಎಂಬ ಪ್ರಶ್ನೆ ಬರುತ್ತದೆ. ಬಾಯಿಗೆ ಬಂದದ್ದನ್ನು ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ಗಣಪಯ್ಯನವರ ತಾಯಿ, ಮೌನವ್ರತದಲ್ಲಿದ್ದಾರೆ.

ನಾಲ್ಕು ಇಂಗ್ಲಿಷ್ ಮಾತು ತಿಳಿದಿದ್ದ ಜಂಬಣ್ಣನಿಗೆ ಮದರ್ ಎಂಬುದು ಅರ್ಥವಾಯಿತು. ಸದ್ಯ, ನಿಜ ಹೇಳಿದರು ಎಂದುಕೊಂಡು "ಹೂಂ" ಎಂದ.

ಪ್ರೊಫೆಸರರಿಗೆ ಕಣ್ಣು ತುಂಬಿ ಬಂತು. ಬಗ್ಗಿ ಮುದುಕಿಯ ಕೈ ಹಿಡಿದುಕೊಂಡರು. ತಟ್ಟನೆ ಬಿಟ್ಟು, ಬಹಳ ತಣ್ಣಗಿದೆಯಲ್ಲ ಎಂದರು. ಗಣಪಯ್ಯನವರ ಕಟ್ಟಡಗಳ ಹೆಚ್ಚುಗಾರಿಕೆಯೇ ಅದು, ಎಂಥ ಬಿಸಿಲಿನಲ್ಲೂ ಒಳಗೆ ತಂಪು ಎಂದು ವೆಂಕಟಾಚಲ ಅವರು ವಿವರಿಸಿದರು. ಪ್ರೊಫೆಸರ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ಒಂದು ಪ್ರಶ್ನೆ ಕೇಳಿದರು. ವೆಂಕಟಾಚಲ ಜಂಬಣ್ಣನ ಕಡೆ ವಾಲಿದರು. "ಈಯಮ್ಮ ಮಗನ ಬಗ್ಗೆ ಏನಂತಿದ್ರು ಅಂತ ಕೇಳ್ತಿದಾರೆ. ಬೇಗ ಏನಾದ್ರೂ ಹೇಳಯ್ಯ, ಮುಖ ನೋಡ್ತಿದಾರೆ."

ಜಂಬಣ್ಣ ತಾಯಿಯ ಮುಖ ನೋಡಿದ. "ನನ್ ಮಗ ಬಂಗ್ಲೇಲಿ ಇದಾನೆ ಅಂತ ಊರಿಗೆಲ್ಲ ಹೇಳ್ಕಂಡು ತಿರುಗ್ತಿದ್ರು, ಸಾರ್."

ನನ್ನ ಮಗ ಕಟ್ಟಿದ ಮನೆ ಜಗತ್ತಿಗೇ ತಿಳಿಯಲಿ ಎನ್ನುತ್ತಿದ್ದರು ಎಂದು ಅದು ಇಂಗ್ಲಿಷಾಯಿತು.

ಇಷ್ಟು ಹೊತ್ತು ಹೂವಮ್ಮ ತಡೆದುಕೊಂಡದ್ದೇ ದೊಡ್ಡದು. ಎದೆಯಿಂದ ಬಿಕ್ಕೊಂದು ಎದ್ದು, ಹಿಂದೆಯೇ "ಅಯ್ಯೋ ನನ್ನವ್ವಾ, ನನ್ ತಾಯೀ!" ಎಂಬ ರಾಗ ಗಾಜು ಅದುರುವಂತೆ ಹೊರಟಿತು. ವೆಂಕಟಾಚಲ ಓಡಿಹೋಗಿ ಕೈ ಅಡ್ಡ ಹಿಡಿದು ನಿಲ್ಲಿಸಿ, ಓಡಿಬಂದು, ಇದು ಮನೆಯ ಹಿರಿಯಳನ್ನು ಹೊಗಳುವ ಹಳ್ಳಿ ಹಾಡು ಎಂದರು. ಪ್ರೊಫೆಸರರಿಗೆ ಬಹಳ ಹಿಡಿಸಿತು. ಇನ್ನೊಮ್ಮೆ ಕೇಳಬೇಕೆಂದರು. ವೆಂಕಟಾಚಲ ಮತ್ತೆ ಓಡಿದರು.

"ಅಮ್ಮಾ, ಈಗ ಸ್ವಲ್ಪ ಅಳಿ."

ಹೂವಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಳಬೇಕೋ ಬೇಡ್ವೋ ಒಂದ್ ಸಲ ನೆಟ್ಟಗೆ ಹೇಳ್ಬಿಡಿ ಸ್ವಾಮೇರ. ಹಿಂಗೆ ಅರ್ಧಂಬರ್ಧ ಮಾಡಿದ್ರೆ ನಂಗೆ ಎದೆ ನೋವು ಬರ್ತದೆ."

ಅವಳು ಅತ್ತಳು. ಹದಿನೈದು ಜನರೂ ಅತ್ತರು. ಪ್ರೊಫೆಸರ್ ತಾಳ ಹಾಕಿದರು. ದೊರೆಯ ಪಕ್ಕದಲ್ಲಿ ಹೂಂ ಎನ್ನಲು ನಿಂತಿದ್ದ ಜಂಬಣ್ಣ ಮಾತ್ರ ಅಳಲಿಲ್ಲ, ಅವನಿಗೆ ಅಪ್ಪಣೆಯಾಗಿರಲಿಲ್ಲ. ಕೊನೆಗೆ ಪ್ರೊಫೆಸರ್ ಕ್ಯಾಮೆರಾ ತೆಗೆದು ಕಟ್ಟೆಯ ಮೇಲಿನ ದಾಕ್ಷಾಯಣಮ್ಮನ ಒಂದು ಪಟ ತೆಗೆದರು. ಅವಳ ಜೀವಮಾನದಲ್ಲಿ ತೆಗೆದ ಮೊದಲ ಪಟ. ಜೀವಮಾನ ಮುಗಿದು ಒಂಬತ್ತು ಗಂಟೆಯಾಗಿತ್ತು ಅಷ್ಟೇ.

ಕೊಟ್ರಬಸಪ್ಪ ಇನ್ನು ತಡೆಯಲಿಲ್ಲ. "ದೊರೆ ಆದ್ರೂ ಸೈ, ದೇವೇಂದ್ರ ಆದ್ರೂ ಸೈ, ಹೊತ್ತು ಯಾರಿಗೂ ನಿಲ್ಲಲ್ಲ. ಎತ್ತಿ!" ಎಂದ. ಹೂವು ಬಾಳೆಕಂದು ಕಟ್ಟಿದ ವಿಮಾನದಲ್ಲಿ ಕೂತು ದಾಕ್ಷಾಯಣಮ್ಮ ನಾಲ್ಕು ಹೆಗಲ ಮೇಲೆ ಹೊರಟಳು. ಎಲ್ಲಿಗೆ ಎಂದು ಪ್ರೊಫೆಸರ್ ಕೇಳಿದರು. ವೆಂಕಟಾಚಲ ಅವರು ಅಷ್ಟೊತ್ತಿಗೆ ಸುಳ್ಳಿನಲ್ಲಿ ಪಳಗಿಬಿಟ್ಟಿದ್ದರು. ದೇವಸ್ಥಾನಕ್ಕೆ ಎಂದರು. ಹೆತ್ತವಳನ್ನು ಹೆಗಲ ಮೇಲೆ ಹೊರುವ ಈ ದೇಶಕ್ಕೆ ಪ್ರೊಫೆಸರ್ ಅಲ್ಲೇ ನಿಂತು ವಂದಿಸಿದರು.

"ಬಾರೋ ಜಂಬು," ಎಂದ ಕೊಟ್ರಬಸಪ್ಪ ಲಾರಿಯಿಂದ. "ಮಗ ಇಲ್ದೆ ಹೊರಡೋದು ಹೆಂಗೆ?"

ಜಂಬಣ್ಣ ಹೆಜ್ಜೆ ಎತ್ತಿದ. ವೆಂಕಟಾಚಲ ತೋಳು ಹಿಡಿದರು. "ಮೇಲಿನ ಕೋಣೆ ಅವರು ನೋಡಿಲ್ಲ. ಬೀರುಗಳ ಬೀಗ ನಿನಗೊಬ್ಬನಿಗೇ ಗೊತ್ತು. ಹತ್ತೇ ನಿಮಿಷ ಮಾರಾಯ, ಆಮೇಲೆ ಬಸ್ಸಲ್ಲಿ ಹೋಗು. ಇಲ್ದಿದ್ರೆ ನಾಳೆ ಸಮಿತಿಗೆ ನಾನೇನು ಬರೀಲಿ, ನೀನೇ ಹೇಳು."

"ನೀವು ಹೊರಡಿ ಮಾವ," ಎಂದ ಜಂಬಣ್ಣ. "ನಾನು ಹಿಂದೇನೇ ಬರ್ತೀನಿ." ಲಾರಿಯಲ್ಲಿ ಅತ್ತೆಯ ಪಕ್ಕ ಕೂತಿದ್ದ ಉಮಾಮಹೇಶ್ವರಿ ಗಂಡನನ್ನು ನೋಡಿ, ಅತ್ತೆಯ ಜಾರಿದ ಸೆರಗನ್ನು ತಲೆಗೆಳೆದಳು.

ಪ್ರೊಫೆಸರ್ ಮಹಾ ಶ್ರದ್ಧಾವಂತರು. ಹತ್ತು ನಿಮಿಷ ಎಂಬುದು ಎರಡೂವರೆ ಗಂಟೆಯಾಯಿತು. ಒಂದೊಂದೇ ವಸ್ತು ಕೈಗೆತ್ತಿಕೊಂಡು ಕೇಳಿದರು. ಇನ್ನೂರ ಏಳನೇ ನಂಬರಿನ ಮುಂದೆ ಎರಡು ನಿಮಿಷ ತಲೆ ಬಾಗಿಸಿ ನಿಂತರು. ಜಂಬಣ್ಣ ಬೀರು ತೆಗೆದ, ಬೀರು ಮುಚ್ಚಿದ, ಹೂಂ ಎಂದ. ಕಾರು ಹೋದ ಮೇಲೆ ಬಸ್ ಸ್ಟ್ಯಾಂಡಿಗೆ ಓಡಿದ.

ಮಲವಗೊಪ್ಪದಲ್ಲಿ ಇಳಿದಾಗ ಹೊತ್ತು ಮುಳುಗಿತ್ತು. ಮಣ್ಣಿನ ಗುಡ್ಡೆಗೆ ನೀರು ಚಿಮುಕಿಸಿ ಆಗಿತ್ತು. ಗಂಡನ ಹೆಸರಿನಲ್ಲಿ ಮೊದಲ ಹಿಡಿ ಮಣ್ಣನ್ನು ಉಮಾಮಹೇಶ್ವರಿ ಹಾಕಿದ್ದಳು. ಕೊಟ್ರಬಸಪ್ಪ ಕೈಯ ಮಣ್ಣು ತಿಕ್ಕಿಕೊಳ್ಳುತ್ತ ಕೇಳಿದ, "ಬಂಗ್ಲೆ ಬೀಗ ಸರಿಯಾಗಿ ಹಾಕ್ಕಂಡು ಬಂದ್ಯೇನಪ್ಪ?"

ಜಂಬಣ್ಣ ಗುಡ್ಡೆಯ ಮುಂದೆ ಕೂತ. ಇವನು ಅಳುತ್ತಾನೋ ಇಲ್ಲವೋ ಎಂದು ಊರೇ ಸುತ್ತ ನಿಂತು ನೋಡುತ್ತಿತ್ತು. ಅಷ್ಟು ಕಣ್ಣುಗಳ ನಡುವೆ ಅಳು ಬರಲಿಲ್ಲ. ಆ ದಿನವೂ ಬರಲಿಲ್ಲ, ಮುಂದೆ ಎಷ್ಟೋ ತಿಂಗಳೂ ಬರಲಿಲ್ಲ. ಹೆತ್ತವಳಿಗೆ ಅಳದ ಮಗ ಎಂದು ಊರಿನವರು ಅವನನ್ನು ಮಾತಾಡಿಸುವುದು ಬಿಟ್ಟರು.

ಮೂರು ತಿಂಗಳಾದ ಮೇಲೆ ಹೊರದೇಶದಿಂದ ಒಂದು ದಪ್ಪ ಪತ್ರಿಕೆಯೂ, ಕಟ್ಟು ಹಾಕಿಸಬಹುದಾದ ಒಂದು ದೊಡ್ಡ ಪಟವೂ ಬಂದವು. ಪತ್ರಿಕೆಯ ನಡುಪುಟದಲ್ಲಿ ದಾಕ್ಷಾಯಣಮ್ಮ ಕೂತಿದ್ದಳು. ಆಧುನಿಕ ಶಿಲ್ಪಿಯ ಹಿಂದಿನ ಸನಾತನ ತಾಯಿ ಎಂದು ಕೆಳಗೆ ಅಚ್ಚಾಗಿತ್ತಂತೆ. ದೆಹಲಿಯಿಂದ ಸಮಿತಿಗೆ ಅಭಿನಂದನೆ ಬಂತು. ವೆಂಕಟಾಚಲ ಅವರು ಪಟಕ್ಕೆ ಗಾಜು ಹಾಕಿಸಿ ಸ್ಟುಡಿಯೋದ ಕೊಕ್ಕೆಗೇ ತೂಗುಹಾಕಿದರು. ಪಟ್ಟಿಯಲ್ಲಿ ಬರೆದರು: ನಾನೂರ ಹದಿಮೂರು, ಗಣಪಯ್ಯನವರ ಪೂಜ್ಯ ಮಾತೃಶ್ರೀ.

"ಸಾರ್, ಅದು ನಮ್ಮವ್ವ," ಎಂದ ಜಂಬಣ್ಣ.

"ನನಗೆ ಗೊತ್ತಿಲ್ವೇನಯ್ಯ? ಗಣಪಯ್ಯನವರ ತಾಯಿ ಅವರು ಮೂರು ವರ್ಷದ ಮಗು ಆಗಿದ್ದಾಗಲೇ ಹೋದ್ರು. ಆದ್ರೆ ಈಗ ಅಚ್ಚಾಗಿಬಿಟ್ಟಿದೆ. ನಿಮ್ಮವ್ವ ಅಂದ್ರೆ ಆ ಪ್ರೊಫೆಸರ್ ಸುಳ್ಳುಗಾರ ಆಗ್ತಾರೆ. ಮನೆಗೆ ಬಂದ ಅತಿಥಿಗೆ ಹಾಗೆ ಮಾಡಬಹುದಾ?"

"ಲಿಂಗವಂತರ ವಿಭೂತಿ ಇದೆಯಲ್ಲ ಸಾರ್. ಗಣಪಯ್ಯನವರು ಬ್ರಾಹ್ಮಣರು."

"ದೊಡ್ಡವರ ತಾಯಿಗೆ ಜಾತಿ ಇಲ್ಲ," ಎಂದು ವೆಂಕಟಾಚಲ ಅವರು ಒಂದೇ ಮಾತಿನಲ್ಲಿ ಶತಮಾನಗಳ ಸಮಸ್ಯೆ ಬಗೆಹರಿಸಿದರು.

ಅಂದಿನಿಂದ ಜಂಬಣ್ಣ ಕೋಲು ಹಿಡಿದು ಬಂದವರಿಗೆಲ್ಲ ತೋರಿಸಿದ. ಇದು ಕನ್ನಡಕ, ಇದು ಚಪ್ಪಲಿ, ಇವರು ಗಣಪಯ್ಯನವರ ತಾಯಿ. ಆಯನೂರಿನಿಂದ ಬಂದ ಒಬ್ಬ ಮೇಷ್ಟರು ಗಣಪಯ್ಯನವರ ಪಟವನ್ನೂ ಮುದುಕಿಯ ಪಟವನ್ನೂ ಹೋಲಿಸಿ ನೋಡಿ, ತಾಯಿ ಮಗನದು ಒಂದೇ ಮೂಗು ಎಂದು ಮಕ್ಕಳಿಗೆ ತೋರಿಸಿದರು. ಜಂಬಣ್ಣ ತನ್ನ ಮೂಗು ಮುಟ್ಟಿ ನೋಡಿಕೊಂಡ.

ವರ್ಷ ತುಂಬುತ್ತ ಬಂತು. "ಅತ್ತೆಯವರದ್ದು ಇನ್ನೊಂದು ಪಟ ಇಲ್ಲ," ಎಂದಳು ಉಮಾಮಹೇಶ್ವರಿ. "ವರ್ಷದ ಪೂಜೆಗೆ ಒಂದು ದಿನ ಕೇಳ್ಕೊಂಡು ಬನ್ನಿ. ಸಂಜೆಗೆ ವಾಪಸ್ ಕೊಡೋಣ."

ಜಂಬಣ್ಣ ಶಿವಮೊಗ್ಗಕ್ಕೆ ಹೋಗಿ ಸಮಿತಿಯ ಕಚೇರಿಯಲ್ಲಿ ಕೇಳಿಕೊಂಡ. ಪಟ್ಟಿಯ ವಸ್ತು ಗೇಟು ದಾಟುವಂತಿಲ್ಲ ಎಂದರು ವೆಂಕಟಾಚಲ. ಅವನ ಮುಖ ನೋಡಿ ಅವರಿಗೂ ಕರುಳು ಚುರುಕ್ ಎಂದಿತು. "ಒಂದು ಕೆಲಸ ಮಾಡೋಣ. ಅಲ್ಲೇ ಮಾಡೋಣ, ದೊಡ್ಡದಾಗಿ ಮಾಡೋಣ. ಮಾತೃಶ್ರೀಯವರ ಪುಣ್ಯದಿನ. ನಿಮ್ಮವ್ವನಿಗೆ ಇದಕ್ಕಿಂತ ಇನ್ನೇನು ಬೇಕಯ್ಯ?"

ಹಾಗೆ ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬಂದರು. ಸ್ಟುಡಿಯೋ ತುಂಬ ಕುರ್ಚಿ, ಮುಂದೆ ಓಲ್ಡ್ ಟೌನಿನ ಪ್ರಮುಖರು. ಜಂಬಣ್ಣ ಹಾರದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತ. ಬಾಗಿಲ ಹೊರಗೆ ಉಮಾಮಹೇಶ್ವರಿ ನಿಂತಿದ್ದಳು. ಅಧಿಕಾರಿಗಳು ಪಟಕ್ಕೆ ಹಾರ ಹಾಕಿ ಭಾಷಣಕ್ಕೆ ನಿಂತರು. ಒಳ್ಳೆಯ ಮಾತುಗಾರರು. ಈ ತಾಯಿ ತಾನು ಅರೆಹೊಟ್ಟೆ ಉಂಡು ಮಗನನ್ನು ಸಾಕಿದಳು ಎಂದರು. ಮಗನ ಹೆಸರನ್ನು ಊರೂರಿಗೆ ಹೇಳಿಕೊಂಡು ಹಿಗ್ಗಿದಳು ಎಂದರು.

"ಆ ಮಗನೋ, ಎಂಥ ಮಗ! ಕೊನೆಗಾಲದಲ್ಲಿ ತಾಯಿಯ ಕೈ ಹಿಡಿದು ಕರೆತಂದು ದಿನಾ ಈ ಕಟ್ಟೆಯ ಮೇಲೆ ಕೂರಿಸುತ್ತಿದ್ದ. ಅವ್ವಾ, ನೋಡು ನಮ್ಮ ಮನೆ ಎನ್ನುತ್ತಿದ್ದ..."

ತಟ್ಟೆ ನೆಲಕ್ಕೆ ಬಿತ್ತು. "ಅವ್ವಾ!" ಎಂದು ಜಂಬಣ್ಣ ಕಟ್ಟೆಗೆ ತಲೆಯಿಟ್ಟು ಕುಸಿದ. ಒಂದು ವರ್ಷ ಎಲ್ಲಿತ್ತೋ, ಎಲ್ಲ ಒಮ್ಮೆಗೇ ಬಂತು. ಎದೆ ಬಡಿದುಕೊಂಡು, ಉಸಿರು ಕಟ್ಟಿ, ಹನ್ನೆರಡು ದಿನದ ನಾಳೆಗಳನ್ನೆಲ್ಲ ಒಂದೊಂದಾಗಿ, ಯಾರಿಗೂ ಅರ್ಥವಾಗದಂತೆ ತೊದಲಿಕೊಂಡು ಅತ್ತ. ಸಭೆ ದಂಗಾಗಿ ನೋಡಿತು. ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ಅಧಿಕಾರಿಗಳು ಭಾಷಣ ನಿಲ್ಲಿಸಿ ಕೆಳಗಿಳಿದು ಬಂದು ಅವನ ಬೆನ್ನು ಸವರಿದರು.

"ನೋಡಿ, ಕಾವಲುಗಾರ ಅಂದ್ರೆ ಹೀಗಿರಬೇಕು. ಹೆತ್ತ ತಾಯಿಗೂ ಯಾರೂ ಇಷ್ಟು ಅಳಲ್ಲ." ಆಮೇಲೆ ಬಗ್ಗಿ ಮೃದುವಾಗಿ ಕೇಳಿದರು, "ನಿಮ್ಮ ತಾಯಿ ಎಲ್ಲಿದಾರಪ್ಪ?"

ವೆಂಕಟಾಚಲ ಅವರ ಮುಖ ಬಿಳಿಚಿಕೊಂಡಿತು. ಜಂಬಣ್ಣ ಅವರನ್ನು ನೋಡಿದ, ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ, ತೋಳಿನಿಂದ ಮುಖ ಒರೆಸಿಕೊಂಡ.

"ಮಲವಗೊಪ್ಪದಲ್ಲಿ, ಸಾರ್."

"ಇಷ್ಟು ಹತ್ತಿರದಲ್ಲಿ! ಆಗಾಗ ಹೋಗಿ ನೋಡ್ಕೊಂಡು ಬರ್ತಿರು. ಇರುವಾಗಲೇ ನೋಡ್ಕೋಬೇಕು."

ಸಭೆ ಚಪ್ಪಾಳೆ ತಟ್ಟಿತು. ವೆಂಕಟಾಚಲ ಅವರು ಎಲ್ಲರಿಗೂ ಕೇಳುವಂತೆ, ಅಲ್ಲೇ ನಿಂತು, ಜಂಬಣ್ಣನಿಗೆ ಅರ್ಧ ದಿನದ ರಜೆ ಮಂಜೂರು ಮಾಡಿದರು.